ಎದೆಪಟ್ಟಿಯ ಸಾಕ್ಷಿ

ಅಂಗದ ಮೇಲೆ ಲಿಂಗವನ್ನು ಧರಿಸುವ ಶರಣ ಸಂಪ್ರದಾಯದಲ್ಲಿ ಎದೆಗೆ ವಿಶೇಷವಾದ ಸ್ಥಾನವಿದೆ. ಕೊರಳಿನಿಂದ ಇಳಿಬಿದ್ದ ಶಿವದಾರವು ಕರಡಿಗೆಯನ್ನು ತಂದು ನಿಲ್ಲಿಸುವುದು ಹೃದಯದ ನೆರೆಯಲ್ಲಿಯೇ. ಹಿರಿಯರು ಇದನ್ನು ಉರಸೆಜ್ಜೆ ಎಂದು ಕರೆದರು. ಒಳಗೆ ಮಿಡಿಯುವುದಕ್ಕೂ ಹೊರಗೆ ಧರಿಸಿದ್ದಕ್ಕೂ ನಡುವೆ ಇರುವುದು ಕೇವಲ ಎರಡು ಬೆರಳಿನ ಅಂತರ. ಇತ್ತೀಚಿನ ವರ್ಷಗಳಲ್ಲಿ ಕೆಲವು ಭಕ್ತರ ಎದೆಯ ಮೇಲೆ ಈ ದಾರದ ಕೆಳಗೆ ಇನ್ನೊಂದು ವಸ್ತುವೂ ಸೇರಿಕೊಂಡಿದೆ. ಅದು ಹೃದಯ ಬಡಿತವನ್ನು ಎಣಿಸುವ ಎಲಾಸ್ಟಿಕ್ ಪಟ್ಟಿ. ಮುಂಜಾನೆ ಗದಗಿನ ಭೀಷ್ಮ ಕೆರೆಯ ದಂಡೆಯಲ್ಲಿ ನಡೆಯುವವರಲ್ಲಿ, ಮುಂಡರಗಿಯಿಂದ ಕಪ್ಪತಗುಡ್ಡದ ಕಡೆಗೆ ಸೈಕಲ್ ತುಳಿಯುವ ತರುಣರಲ್ಲಿ ಇದನ್ನು ಕಾಣಬಹುದು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು ಹೃದಯಾಘಾತದಿಂದ ಅಗಲಿದ ಮೇಲೆ ಕನ್ನಡನಾಡಿನ ಮನೆಮನೆಗಳಲ್ಲಿ ಹೃದಯದ ಕುರಿತು ಭಯವೂ ಎಚ್ಚರವೂ ಒಟ್ಟಿಗೇ ಹುಟ್ಟಿದವು. ರಾಜ್ಯ ಸರ್ಕಾರವು ಅವರ ಹೆಸರಿನಲ್ಲಿಯೇ ಹೃದಯಜ್ಯೋತಿ ಯೋಜನೆಯನ್ನು ಆರಂಭಿಸಿ ತಾಲ್ಲೂಕು ಆಸ್ಪತ್ರೆಗಳಿಗೆ ಇಸಿಜಿ ಮತ್ತು ತುರ್ತು ಚುಚ್ಚುಮದ್ದಿನ ವ್ಯವಸ್ಥೆಯನ್ನು ಒದಗಿಸತೊಡಗಿತು. ಅದೇ ಕಾಲದಲ್ಲಿ ದೂರದ ಊರುಗಳಲ್ಲಿರುವ ಮಕ್ಕಳು ತಂದೆತಾಯಿಗಳಿಗೆ ಕೈಗಡಿಯಾರ, ಎದೆಪಟ್ಟಿ ಮೊದಲಾದ ಉಪಕರಣಗಳನ್ನು ಕಳಿಸತೊಡಗಿದರು. ಉಪಕರಣ ಬಂದಿತು, ಅದು ಕೆಟ್ಟಾಗ ಏನು ಮಾಡಬೇಕೆಂಬ ತಿಳಿವಳಿಕೆ ಅದರ ಸಂಗಡ ಬರಲಿಲ್ಲ. ಕೆಟ್ಟದ್ದು ಪಟ್ಟಿಯೋ ಹೃದಯವೋ ಎಂಬುದು ತಿಳಿಯದೆ ಹೋದರೆ ಮನುಷ್ಯನ ಸ್ಥಿತಿ ಏನಾಗುತ್ತದೆ ಎಂಬುದಕ್ಕೆ ಬೆಟಗೇರಿಯ ಹಿರಿಯ ಮಾಸ್ತರರೊಬ್ಬರ ಅನುಭವವೇ ಸಾಕ್ಷಿಯಾಗಿದೆ.

ಅದನ್ನು ಹೇಳುವುದಕ್ಕೆ ಮೊದಲು ಈ ಪಟ್ಟಿ ಏನನ್ನು ಕೇಳಿಸಿಕೊಳ್ಳುತ್ತದೆ ಎಂಬುದನ್ನು ತಿಳಿಯಬೇಕು. ಹೃದಯದ ಮೇಲ್ಭಾಗದ ಬಲಗಡೆಯಲ್ಲಿ ಒಂದು ಸಣ್ಣ ಜೀವಕೋಶಗಳ ಗುಂಪಿದೆ. ಅಲ್ಲಿ ಹುಟ್ಟಿದ ವಿದ್ಯುತ್ ಅಲೆ ಹೃದಯದ ತುಂಬ ಹಬ್ಬಿ ಸ್ನಾಯುವನ್ನು ಕುಗ್ಗಿಸುತ್ತದೆ. ಈ ಅಲೆಯ ಅತ್ಯಲ್ಪ ಅಂಶ ಚರ್ಮದವರೆಗೂ ಬರುತ್ತದೆ. ಅದರ ಪ್ರಮಾಣ ಸುಮಾರು ಒಂದು ಮಿಲಿವೋಲ್ಟ್, ಅಂದರೆ ಸಾಧಾರಣ ಬ್ಯಾಟರಿ ಸೆಲ್ಲಿನ ಸಾವಿರದೈನೂರನೆಯ ಒಂದು ಭಾಗದಷ್ಟು. ಇದನ್ನು ಹಿಡಿಯಲು 1887ರಲ್ಲಿ ಲಂಡನ್ನಿನ ಅಗಸ್ಟಸ್ ವಾಲರ್ ಯತ್ನಿಸಿದರು. ತಮ್ಮ ಜಿಮ್ಮಿ ಎಂಬ ನಾಯಿಯ ಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಳಿಸಿ ಅದರ ಹೃದಯದ ವಿದ್ಯುತ್ತನ್ನು ಅವರು ಜನರಿಗೆ ತೋರಿಸಿದರು. ಹಾಲೆಂಡಿನ ವಿಲ್ಲೆಮ್ ಐಂಥೋವನ್ ಅವರು ಈ ವಿದ್ಯೆಯನ್ನು ಪೂರ್ಣಗೊಳಿಸಿ 1924ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಅವರ ಯಂತ್ರದ ಮುಂದೆ ಕುಳಿತ ರೋಗಿಗಳೂ ಕೈಕಾಲುಗಳನ್ನು ಉಪ್ಪುನೀರಿನಲ್ಲಿಯೇ ಅದ್ದಬೇಕಾಗಿತ್ತು. ಒಣ ಚರ್ಮ ವಿದ್ಯುತ್ತಿಗೆ ಬಾಗಿಲು ಮುಚ್ಚುತ್ತದೆ, ಉಪ್ಪುನೀರು ಅದನ್ನು ತೆರೆಯುತ್ತದೆ. 1977ರಲ್ಲಿ ಫಿನ್ಲೆಂಡಿನಲ್ಲಿ ಸ್ಥಾಪನೆಯಾದ ಪೋಲಾರ್ ಸಂಸ್ಥೆಯು 1982ರಲ್ಲಿ ತಂತಿಯಿಲ್ಲದ ಹೃದಯಮಾಪಕವನ್ನು ಹೊರತಂದಿತು. ಕೋಣೆಯಷ್ಟು ದೊಡ್ಡದಾಗಿದ್ದ ಯಂತ್ರ ಎದೆಯ ಪಟ್ಟಿಯಾಯಿತು. ಉಪ್ಪುನೀರಿನ ನಿಯಮ ಮಾತ್ರ ಬದಲಾಗಲಿಲ್ಲ.

ಮಾಸ್ತರರಿಗೆ ಅರವತ್ತೆಂಟು ವರ್ಷ. ಮೂವತ್ತು ವರ್ಷಕ್ಕೂ ಮಿಕ್ಕಿ ಪ್ರೌಢಶಾಲೆಯಲ್ಲಿ ಗಣಿತವನ್ನು ಬೋಧಿಸಿ ನಿವೃತ್ತರಾದವರು. ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಅಳವಡಿಸಿಕೊಂಡ ಮೇಲೆ ವೈದ್ಯರು ದಿನಾಲು ನಲವತ್ತು ನಿಮಿಷ ನಡೆಯಬೇಕೆಂದೂ, ಬಡಿತವು ನಿಮಿಷಕ್ಕೆ 110ನ್ನು ದಾಟಬಾರದೆಂದೂ ಹೇಳಿದ್ದರು. ಇಂತಹ ಮಿತಿಯನ್ನು ವೈದ್ಯರೇ ಹೇಳಬೇಕು. 220ರಲ್ಲಿ ವಯಸ್ಸನ್ನು ಕಳೆಯುವ ಪ್ರಸಿದ್ಧ ಲೆಕ್ಕವು ಬಡಿತ ತಗ್ಗಿಸುವ ಗುಳಿಗೆಗಳನ್ನು ಸೇವಿಸುವವರಿಗೆ ಹೊಂದುವುದಿಲ್ಲ. ಬೆಂಗಳೂರಿನಲ್ಲಿರುವ ಮಗ ಎದೆಪಟ್ಟಿಯನ್ನು ಕಳಿಸಿದನು. ಶಿವದಾರದ ಸಂಗಡ ಇನ್ನೊಂದನ್ನು ಕಟ್ಟುವುದು ತಕ್ಕುದೇ ಎಂಬ ಸಂಕೋಚದಿಂದ ಮಾಸ್ತರರು ಮಠಕ್ಕೆ ಬಂದು ಕೇಳಿದರು. ಪೂಜ್ಯರು ನಸುನಕ್ಕು, "ಮಾಸ್ತರ, ದೇಹ ಚಲೋ ಇದ್ರನ ಪೂಜೆ. ಪಟ್ಟಿ ಕೆಳಗ ಇರಲಿ, ದಾರ ಒಂಚೂರು ಗಿಡ್ಡ ಮಾಡಿಕೊಳ್ರಿ" ಎಂದರು. ಆ ಮಾತು ಧರ್ಮದ ದೃಷ್ಟಿಯಿಂದಲೂ ಯಂತ್ರದ ದೃಷ್ಟಿಯಿಂದಲೂ ಸರಿಯಾದದ್ದೆಂದು ಆಮೇಲೆ ತಿಳಿಯಿತು.

ಏಳೆಂಟು ತಿಂಗಳು ಎಲ್ಲವೂ ಸುಸೂತ್ರವಾಗಿ ನಡೆಯಿತು. ಮಾಗಿಯ ಒಣಗಾಳಿ ಬೀಸತೊಡಗಿದಾಗ ಪಟ್ಟಿಯ ನಡತೆ ಕೆಟ್ಟಿತು. ಮನೆಯಿಂದ ಹೊರಟ ಐದೇ ನಿಮಿಷಕ್ಕೆ ಮೊಬೈಲಿನಲ್ಲಿ 190 ಎಂಬ ಅಂಕಿ ಕಾಣುವುದು, ಮರುಕ್ಷಣ 60, ಮತ್ತೆ ಬರೀ ಗೆರೆ. ಒಂದು ದಿನ 214 ಎಂದು ತೋರಿಸಿದಾಗ ಮಾಸ್ತರರು ರಸ್ತೆಯ ಬದಿಯ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಹಣೆ ಬೆವರಿತು, ಕೈ ನಡುಗಿತು. ಅಂಕಿಗೆ ಹೆದರಿ ನಿಜವಾಗಿಯೂ ಎದೆ ಹೊಡೆದುಕೊಳ್ಳತೊಡಗಿತು. ಮರುದಿನದಿಂದ ವಾಯುವಿಹಾರ ನಿಂತಿತು. ನಡಿಗೆಯೇ ಔಷಧವಾಗಿದ್ದವರಿಗೆ ನಡಿಗೆ ನಿಂತಿತೆಂದರೆ ಔಷಧವೇ ನಿಂತಂತೆ. ಹದಿನೈದು ದಿನಗಳಲ್ಲಿ ಊಟ ತಗ್ಗಿತು, ನಿದ್ರೆ ಕೆಟ್ಟಿತು. ಪೂಜೆಗೆ ಕುಳಿತಾಗಲೂ ಎರಡು ಬೆರಳು ಮಣಿಕಟ್ಟನ್ನು ಹುಡುಕತೊಡಗಿದವು.

ಗದಗಿನ ಹಳೆ ಬಸ್ ನಿಲ್ದಾಣದ ಬಳಿ ಮೊಬೈಲ್ ದುರಸ್ತಿ ಮಾಡುವ ತರುಣನೊಬ್ಬನಿದ್ದಾನೆ. ಮುಂಡರಗಿ ತಾಲ್ಲೂಕಿನವನು, ಕಾಲೇಜಿನ ದಿನಗಳಲ್ಲಿ ಸೈಕಲ್ ಪಂದ್ಯಗಳಲ್ಲಿ ಭಾಗವಹಿಸಿದವನು. ಅವನ ತಂದೆ ಮಾಸ್ತರರ ಶಿಷ್ಯ. ಪಟ್ಟಿಯನ್ನು ಕೈಗೆ ಕೊಟ್ಟಾಗ ಅವನು ಅದನ್ನು ತೆರೆಯಲಿಲ್ಲ. ಮೊದಲು ಮೂಸಿ ನೋಡಿದನು. ಆಮೇಲೆ ಬೆಳಕಿಗೆ ಹಿಡಿದು, "ಇದು ಕೆಟ್ಟಿಲ್ರೀ ಸರ. ಬೆವರು ಕುಂತೈತಿ, ಮ್ಯಾಲೆ ಒಣಗೈತಿ. ನೀವು ಹಾಕ್ಕೊಳ್ಳೂ ಮುಂದ ನೀರು ಹಚ್ಚತೀರೇನ್ರಿ?" ಎಂದು ಕೇಳಿದನು. ಮಾಸ್ತರರು ಒಂದು ದಿನವೂ ನೀರು ಹಚ್ಚಿರಲಿಲ್ಲ. ಬೇಸಿಗೆಯಲ್ಲಿ ಬೆವರೇ ಆ ಕೆಲಸವನ್ನು ಮಾಡಿತ್ತು. ಚಳಿಗಾಲದಲ್ಲಿ ಬೆವರಿಲ್ಲ, ನೀರೂ ಇಲ್ಲ. ಒಣ ಚರ್ಮದ ಮೇಲೆ ಒಣ ಪಟ್ಟಿ ಕುಳಿತಿತ್ತು.

ಆ ತರುಣನು ಮಾಡಿದ ಪರೀಕ್ಷೆಯ ಕ್ರಮವು ಗಮನಿಸತಕ್ಕದ್ದು. ಸುಲಭವಾದದ್ದನ್ನು ಮೊದಲು, ಕಠಿಣವಾದದ್ದನ್ನು ಕೊನೆಗೆ ನೋಡುವುದು. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಪಟ್ಟಿಯ ಒಳಮೈಯಲ್ಲಿ ಎಡಬಲಕ್ಕೆ ಎರಡು ಮೆತ್ತನೆಯ ಭಾಗಗಳಿರುತ್ತವೆ. ವಿದ್ಯುತ್ತನ್ನು ಹಿಡಿಯುವುದು ಅವೇ. ಅವುಗಳನ್ನು ಚೆನ್ನಾಗಿ ಒದ್ದೆ ಮಾಡಿ ಎದೆಯ ಕೆಳಗೆ, ಬಿಗಿಯಾಗಿ ಆದರೆ ಉಸಿರಿಗೆ ತೊಡಕಾಗದಂತೆ ಕಟ್ಟಿಸಿದನು. ಅಂಕಿಯ ಕುಣಿತ ಅರ್ಧದಷ್ಟು ನಿಂತಿತು.

ಎರಡನೆಯದು ತೊಳೆಯುವುದು. ಬೆವರಿನ ಉಪ್ಪು ಮತ್ತು ಚರ್ಮದ ಎಣ್ಣೆ ಆ ಮೆತ್ತನೆಯ ಭಾಗದ ಮೇಲೆ ಪೊರೆಯಂತೆ ಕಟ್ಟುತ್ತವೆ. ಉಪ್ಪು ನೀರಿನಲ್ಲಿ ಕರಗಿದ್ದಾಗ ವಿದ್ಯುತ್ತಿಗೆ ದಾರಿಯಾಗುತ್ತದೆ, ಒಣಗಿ ಹರಳಾದಾಗ ತಡೆಯಾಗುತ್ತದೆ. ಮುಂಜಾನೆ ಮೈಗೆ ಹಚ್ಚಿದ ಎಣ್ಣೆ, ಪೌಡರು ಇವೂ ಹಾಗೆಯೇ. ಎದೆಗೆ ವಿಭೂತಿ ಧರಿಸುವವರು ಪಟ್ಟಿ ಕುಳಿತುಕೊಳ್ಳುವ ಜಾಗವನ್ನು ಒದ್ದೆ ಬಟ್ಟೆಯಿಂದ ಒರೆಸಿಕೊಂಡರೆ ಸಾಕು. ತ್ರಿಪುಂಡ್ರದ ಸ್ಥಾನ ಅದಕ್ಕಿಂತ ಮೇಲಿರುವುದರಿಂದ ಯಾವ ವಿರೋಧವೂ ಇಲ್ಲ. ತರುಣನು ಮಧ್ಯದ ಯಂತ್ರದ ಬಿಲ್ಲೆಯನ್ನು ಬಿಚ್ಚಿ ಬದಿಗಿಟ್ಟು, ಪಟ್ಟಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯವಾದ ಸಾಬೂನಿನಿಂದ ತೊಳೆದು, ಹಿಂಡದೆ, ನೆರಳಿನಲ್ಲಿ ಹರವಿದನು. ಬಿಲ್ಲೆ ಕೂಡುವ ಲೋಹದ ಗುಂಡಿಗಳಿಗೆ ಹಿಡಿದ ಕಿಲುಬನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದನು. ಬ್ಲೀಚ್, ಇಸ್ತ್ರಿ, ಸುಡುಬಿಸಿಲು ಇವು ಮೂರೂ ಪಟ್ಟಿಗೆ ಶತ್ರುಗಳು.

ಮೂರನೆಯದು ಸೆಲ್ಲು. ಬಿಲ್ಲೆಯ ಒಳಗೆ ನಾಣ್ಯದಾಕಾರದ ಸಿಆರ್ 2032 ಎಂಬ ಮೂರು ವೋಲ್ಟಿನ ಸೆಲ್ಲಿತ್ತು. ವರ್ಷಗಟ್ಟಲೆ ಬರಬೇಕಾದ ಅದು ಏಳೆಂಟು ತಿಂಗಳಲ್ಲಿಯೇ ಸೋತಿತ್ತು. ಕಾರಣ ಸರಳವಾದದ್ದು. ಮಾಸ್ತರರು ಮನೆಗೆ ಬಂದು ಪಟ್ಟಿಯನ್ನು ಬಿಲ್ಲೆಸಹಿತ ಗೂಟಕ್ಕೆ ನೇತುಹಾಕುತ್ತಿದ್ದರು. ಒದ್ದೆಯ ಪಟ್ಟಿ ಎರಡು ಗುಂಡಿಗಳನ್ನು ಕೂಡಿಸಿದಾಗ ಯಂತ್ರವು ಇನ್ನೂ ಎದೆಯ ಮೇಲಿದ್ದೇನೆಂದು ತಿಳಿದು ಎಚ್ಚರವಾಗಿಯೇ ಇರುತ್ತದೆ. ಗೂಟವನ್ನು ಗಂಟೆಗಟ್ಟಲೆ ಕಾವಲು ಕಾಯ್ದು ಅದು ತನ್ನ ಶಕ್ತಿಯನ್ನು ಕಳೆದುಕೊಂಡಿತ್ತು. ಹೊಸ ಸೆಲ್ ಹಾಕುವಾಗ ಮುಚ್ಚಳದ ಅಂಚಿನ ರಬ್ಬರಿನ ಉಂಗುರವು ತನ್ನ ಹಳ್ಳದಲ್ಲಿ ಸರಿಯಾಗಿ ಕುಳಿತಿದೆಯೇ ಎಂದು ಅವನು ಎರಡು ಸಲ ನೋಡಿದನು. ಅದು ಸರಿದರೆ ಬೆವರು ಒಳಗಿಳಿದು ಇಡೀ ಬಿಲ್ಲೆಯೇ ಹೋಗುತ್ತದೆ.

ನಾಲ್ಕನೆಯದು ಗಾಳಿ. ಕಪ್ಪತಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳನ್ನು ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಈ ಸೀಮೆಯ ಗಾಳಿಗೆ ಅಷ್ಟು ಬಲವಿದೆ. ಒಣಹವೆಯಲ್ಲಿ ಟೆರಿಲಿನ್ ಅಂಗಿ ಗಾಳಿಗೆ ಪಟಪಟನೆ ಬಡಿದು ಪಟ್ಟಿಗೆ ಉಜ್ಜಿದಾಗ ಸ್ಥಿರವಿದ್ಯುತ್ತು ಹುಟ್ಟುತ್ತದೆ. ಒಂದು ಮಿಲಿವೋಲ್ಟನ್ನು ಕೇಳಲು ಕಿವಿಗೊಟ್ಟಿರುವ ಯಂತ್ರಕ್ಕೆ ಅದು ಗುಡುಗಿನಂತೆ ಕೇಳಿಸಿ, ಪ್ರತಿಯೊಂದು ಬಡಿತವನ್ನೂ ಹೃದಯದ್ದೆಂದು ಎಣಿಸುತ್ತದೆ. 214 ಹುಟ್ಟಿದ್ದು ಹೃದಯದಲ್ಲಿ ಅಲ್ಲ, ಅಂಗಿಯಲ್ಲಿ. ಇಳಿಬಿದ್ದ ಬೆಳ್ಳಿಯ ಕರಡಿಗೆಯು ಹೆಜ್ಜೆಹೆಜ್ಜೆಗೂ ಬಿಲ್ಲೆಗೆ ತಾಗುತ್ತಿದ್ದದ್ದೂ ಇದಕ್ಕೆ ಸೇರಿಕೊಂಡಿತ್ತು. ನೂಲಿನ ಅಂಗಿ ಬಂದಿತು, ಪೂಜ್ಯರು ಹೇಳಿದ್ದಂತೆ ದಾರವು ಗಿಡ್ಡವಾಯಿತು.

ಐದನೆಯದು ಎಲಾಸ್ಟಿಕ್. ಅದು ಸಡಿಲಾಗಿ ಪಟ್ಟಿ ಜಾರುತ್ತಿತ್ತು. ಹೊಸ ಪಟ್ಟಿಯನ್ನು ತರಿಸುವುದಕ್ಕಿಂತ ಹಳೆಯದನ್ನು ಹಿಡಿಸುವುದೇ ಲೇಸೆಂದು ಮಾಸ್ತರರು ಬೆಟಗೇರಿಯ ತಮ್ಮ ಓಣಿಯ ದರ್ಜಿಯ ಬಳಿಗೆ ಹೋದರು. ನೇಕಾರರ ಊರಿನಲ್ಲಿ ಎಳೆಯ ಗುಣವನ್ನು ಬಲ್ಲವರಿಗೆ ಕೊರತೆಯಿಲ್ಲ. ವಿದ್ಯುತ್ ಹಿಡಿಯುವ ಭಾಗದಲ್ಲಿ ಸೂಜಿ ಆಡಬಾರದೆಂದು ತಿಳಿಸಿದಾಗ ಅವರು ಬೆನ್ನಿನ ಕಡೆಗೆ ಎರಡು ಬೆರಳಷ್ಟು ಮಡಿಸಿ ಕೈಹೊಲಿಗೆ ಹಾಕಿದರು. ಎಲಾಸ್ಟಿಕ್ಕನ್ನು ಎಳೆದುಕೊಂಡು ಹೊಲಿದದ್ದರಿಂದ ದಾರ ಹರಿಯಲಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆಗಳೆಂಬವರು ಇದ್ದರು. ಸೂಜಿಯನ್ನೇ ಹೆಸರಿನ ಮುಂದೆ ಧರಿಸಿದ ಆ ಶರಣರ ಕಾಯಕದ ಘನತೆಯು ಇಂತಹ ಸಣ್ಣ ಹೊಲಿಗೆಯಲ್ಲಿಯೂ ಉಳಿದಿದೆ. ಹೃದ್ರೋಗಿಯೊಬ್ಬನ ಧೈರ್ಯವು ಆ ಎರಡು ಬೆರಳಿನ ಮಡಿಕೆಯ ಮೇಲೆ ನಿಂತಿತ್ತು.

ಮಾಸ್ತರರು ಮತ್ತೆ ನಡೆಯತೊಡಗಿದರು. ಒಂದು ಭಾನುವಾರ ಶಿರಹಟ್ಟಿಯ ಫಕೀರೇಶ್ವರ ಮಠದ ದರ್ಶನ ಮುಗಿಸಿ ಮಾಗಡಿ ಕೆರೆಯ ದಂಡೆಗೂ ಹೋಗಿ ಬಂದರು. ಚಳಿಗಾಲದಲ್ಲಿ ಆ ಕೆರೆಗೆ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. 2024ರಲ್ಲಿ ಮಾಗಡಿ ಕೆರೆಯು ಅಂತಾರಾಷ್ಟ್ರೀಯ ಮಹತ್ತ್ವದ ರಾಮ್ಸಾರ್ ಜೌಗುಪ್ರದೇಶವೆಂದು ಮಾನ್ಯತೆ ಪಡೆಯಿತು. ಈ ಜಾತಿಯ ಹಕ್ಕಿಗಳ ಹೃದಯಕ್ಕೂ ವಿಜ್ಞಾನಿಗಳು ಮಾಪಕವನ್ನು ಅಳವಡಿಸಿದ್ದುಂಟು. ಮಂಗೋಲಿಯದ ಹೆಬ್ಬಾತುಗಳನ್ನು ಹೀಗೆ ಪರೀಕ್ಷಿಸಿ 2015ರಲ್ಲಿ ಅವರು ಪ್ರಕಟಿಸಿದ ಸಂಗತಿ ಸ್ವಾರಸ್ಯಕರವಾದದ್ದು. ಹಕ್ಕಿಗಳು ಸದಾ ಎತ್ತರದಲ್ಲಿ ಹಾರದೆ, ನೆಲದ ಏರಿಳಿತವನ್ನೇ ಅನುಸರಿಸಿ ಏರುತ್ತ ಇಳಿಯುತ್ತ ಸಾಗುತ್ತವೆ. ತೆಳುಗಾಳಿಯಲ್ಲಿ ಹಾರುವುದು ಹೃದಯಕ್ಕೆ ಹೆಚ್ಚಿನ ಭಾರ. ಹಿಮಾಲಯವನ್ನು ದಾಟುವ ಹಕ್ಕಿಯೂ ತನ್ನ ಮಿತಿಯನ್ನು ಮೀರುವುದಿಲ್ಲ. ಇದನ್ನು ಕೇಳಿ ಮಾಸ್ತರರಿಗೆ 110ರ ಮಿತಿಯು ಶಿಕ್ಷೆಯೆಂದು ತೋರದಾಯಿತು.

ಎರಡು ತಿಂಗಳು ಕಳೆಯಿತು. ಒಂದು ಮುಂಜಾನೆ ಅಂಕಿಗಳು ಮತ್ತೆ ಕುಣಿಯತೊಡಗಿದವು: 96, 131, 104, 127. ಮಾಸ್ತರರು ಈ ಸಲ ಹೆದರಲಿಲ್ಲ. ಪಟ್ಟಿಯನ್ನು ಬಿಚ್ಚಿ ತೊಳೆದರು, ಒದ್ದೆ ಮಾಡಿದರು, ಸೆಲ್ ಬದಲಿಸಿದರು, ನೂಲಿನ ಅಂಗಿಯನ್ನು ನೋಡಿಕೊಂಡರು. ಮನೆಯೊಳಗೆ ಗಾಳಿಯಿಲ್ಲದ ಕಡೆ ಸುಮ್ಮನೆ ಕುಳಿತರು. ಅಂಕಿಗಳು ನಿಲ್ಲಲಿಲ್ಲ. ಬೆರಳಿನಿಂದ ನಾಡಿ ಎಣಿಸಿದರೆ ನಿಮಿಷಕ್ಕೆ 92; ಪಟ್ಟಿಯ ಸರಾಸರಿ 118. "ಪಟ್ಟಿ ಮತ್ತ ಸುಳ್ಳು ಹೇಳಾಕತ್ತೈತಿ" ಎಂದು ಅದನ್ನು ಗೂಟಕ್ಕೆ ಹಾಕಿ ಎಂದಿನಂತೆ ನಡೆಯಲು ಹೊರಟರು. ಹಿಂದಿನ ಸಲದ ಅನುಭವವೇ ಈ ಸಲ ಅವರ ಕಣ್ಣಿಗೆ ಕಟ್ಟಿದ ಬಟ್ಟೆಯಾಯಿತು.

ಲಕ್ಷ್ಮೇಶ್ವರದಲ್ಲಿ ಸ್ಟಾಫ್ ನರ್ಸ್ ಆಗಿರುವ ಕಿರಿಯ ಸೊಸೆ ಅಂದು ರಜೆಯ ಮೇಲೆ ಮನೆಯಲ್ಲಿದ್ದಳು. ಹೊಸ್ತಿಲಲ್ಲಿಯೇ ಮಾವನನ್ನು ತಡೆದು, "ಮಾವಾರ, ಒಂದು ನಿಮಿಷ ಕುಂಡರ್ರಿ" ಎಂದಳು. ಒಂದು ಕೈಯಿಂದ ಎದೆಗೆ ಸ್ಟೆತಾಸ್ಕೋಪನ್ನು ಇಟ್ಟು, ಇನ್ನೊಂದು ಕೈಯಿಂದ ಮಣಿಕಟ್ಟನ್ನು ಹಿಡಿದಳು. ಎದೆಯಲ್ಲಿ ಕೇಳಿದ ಕೆಲವು ಬಡಿತಗಳು ಮಣಿಕಟ್ಟಿಗೆ ಬರುತ್ತಲೇ ಇರಲಿಲ್ಲ. ಲಯವೂ ತಪ್ಪಿತ್ತು. ಎದೆಯ ಎಣಿಕೆ ಪಟ್ಟಿಯ ಎಣಿಕೆಗೆ ಹತ್ತಿರವಾಗಿತ್ತು. ಕಡಿಮೆ ತೋರಿಸಿದ್ದು ಬೆರಳು. "ಪಟ್ಟಿ ಸುಳ್ಳು ಹೇಳವಲ್ದ್ರೀ ಮಾವಾರ. ಈಗ ಖರೇ ಹೇಳಾಕತ್ತೈತ್ರಿ. ನಡೀರಿ ದವಾಖಾನಿಗೆ" ಎಂದಳು.

ಇಸಿಜಿ ತೆಗೆದಾಗ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುತ್ತಿರುವುದು ಕಂಡಿತು. ವೈದ್ಯರು ಇದನ್ನು ಏಟ್ರಿಯಲ್ ಫಿಬ್ರಿಲೇಶನ್ ಎನ್ನುತ್ತಾರೆ. ಮೇಲಿನ ಕೋಣೆ ಸರಿಯಾಗಿ ಕುಗ್ಗದಿದ್ದಾಗ ರಕ್ತವು ಅಲ್ಲಿ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಬಡಿತವು ಬಲವಿಲ್ಲದೆ ಬಂದಾಗ ರಕ್ತದ ಅಲೆ ಮಣಿಕಟ್ಟನ್ನು ಮುಟ್ಟುವುದಿಲ್ಲ. ಆದ್ದರಿಂದಲೇ ಬೆರಳಿಗೆ ಲೆಕ್ಕ ತಪ್ಪಿತ್ತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮತ್ತು ಬಡಿತವನ್ನು ಹತೋಟಿಯಲ್ಲಿಡುವ ಔಷಧಗಳು ಆರಂಭವಾದವು. ಮಾಸ್ತರರು ಇಂದು ಮತ್ತೆ ನಡೆಯುತ್ತಿದ್ದಾರೆ, ಮೊದಲಿಗಿಂತ ನಿಧಾನವಾಗಿ.

ಶರಣ ಬಂಧುಗಳು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ವಚನ ಪರಿಭಾಷೆಯಲ್ಲಿ ಅರಿವು ಮತ್ತು ಕುರುಹು ಎಂಬ ಎರಡು ಪದಗಳಿವೆ. ಅರಿವಿಗೆ ತಲುಪಲು ಕುರುಹು ಬೇಕು. ಆದರೆ ಕುರುಹೇ ಅರಿವಲ್ಲ. ಮೊಬೈಲಿನ ಅಂಕಿಯೂ ಒಂದು ಕುರುಹು. ಮೊದಲ ಸಲ ಮಾಸ್ತರರು ಕುರುಹನ್ನೇ ಹೃದಯವೆಂದು ತಿಳಿದು ಹೆದರಿದರು. ಎರಡನೆಯ ಸಲ ಕುರುಹು ಸುಳ್ಳೆಂದು ತಿಳಿದು ಹೃದಯವನ್ನೇ ಮರೆತರು. ಎರಡು ಸಲವೂ ತಪ್ಪಿದ್ದು ನಡುವಿನ ವಿಚಾರ. ಪಟ್ಟಿಯನ್ನು ದುರಸ್ತಿ ಮಾಡುವುದರ ನಿಜವಾದ ಫಲ ಒಳ್ಳೆಯ ಅಂಕಿಯನ್ನು ಪಡೆಯುವುದಲ್ಲ. ಪಟ್ಟಿಯಲ್ಲಿ ದೋಷವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಅದು ಹೇಳುವ ಅಪ್ರಿಯವಾದ ಮಾತನ್ನೂ ಕೇಳಲು ಸಿದ್ಧರಾಗುವುದೇ ಅದರ ಫಲ. ಸಾಕ್ಷಿಯನ್ನು ಶೋಧಿಸಿದವನು ಸಾಕ್ಷಿ ನುಡಿದಾಗ ಕಿವಿ ಮುಚ್ಚಿಕೊಳ್ಳಬಾರದು. ಶರಣರಲ್ಲಿ ವೈದ್ಯ ಸಂಗಣ್ಣನವರು ತಮ್ಮ ಕಾಯಕದ ನುಡಿಗಳಾದ ರೋಗ, ಔಷಧಗಳಿಂದಲೇ ಅನುಭಾವವನ್ನು ವಿವರಿಸಿದರು. ದೇಹದ ರೋಗವನ್ನು ಕೀಳೆಂದು ಅವರು ಬದಿಗೆ ಸರಿಸಲಿಲ್ಲ.

ಎದೆಪಟ್ಟಿಯನ್ನು ಧರಿಸುವ ಭಕ್ತರು ಇಷ್ಟನ್ನು ನೆನಪಿನಲ್ಲಿಟ್ಟರೆ ಸಾಕು. ಧರಿಸುವ ಮುನ್ನ ಒದ್ದೆ ಮಾಡಬೇಕು, ಬಿಚ್ಚಿದ ಮೇಲೆ ತೊಳೆಯಬೇಕು, ಬಿಲ್ಲೆಯನ್ನು ಬೇರೆಯಾಗಿ ಇಡಬೇಕು. ನಡಿಗೆಯ ಆರಂಭದಲ್ಲಿ ಕುಣಿದು, ಬೆವರು ಬಂದ ಮೇಲೆ ನಿಲ್ಲುವ ಅಂಕಿ ಸಾಮಾನ್ಯವಾಗಿ ಪಟ್ಟಿಯ ದೋಷ. ಒದ್ದೆಯ ಪಟ್ಟಿಯಲ್ಲಿ, ಸುಮ್ಮನೆ ಕುಳಿತಾಗಲೂ ನಿಲ್ಲದ ಅಂಕಿಯನ್ನು ವೈದ್ಯರಿಗೆ ತೋರಿಸಬೇಕು. ಎದೆನೋವು, ಏದುಸಿರು, ತಲೆಸುತ್ತು ಇದ್ದರೆ ಪಟ್ಟಿಯ ಪರೀಕ್ಷೆಗೆ ಕೂಡಬಾರದು. ಅಂಕಿ ಏನೇ ಇರಲಿ, ಆಸ್ಪತ್ರೆಗೆ ಹೋಗಬೇಕು. ಪೇಸ್‌ಮೇಕರ್ ಇರುವವರು ವೈದ್ಯರನ್ನು ಕೇಳಿದ ಮೇಲೆಯೇ ಇಂತಹದನ್ನು ಧರಿಸಬೇಕು.

ಸಕಲ ಶರಣ ಬಂಧುಗಳ ಹೃದಯವು ಆರೋಗ್ಯದಿಂದಿರಲಿ.